ಲಿನಕ್ಸ್‌ನಲ್ಲಿ ಸದ್ದು ಬರದಿದ್ದರೆ ತಳದಿಂದ ಹುಡುಕಿ

ತುಮಕೂರಿನಲ್ಲಿ ನಮ್ಮ ಜೊತೆ ಲಿನಕ್ಸ್ ಕಲಿಯುವವರಲ್ಲಿ ತುಂಬ ಜನರ ಹತ್ತಿರ ಇರುವುದು ಹಳೆ ಲ್ಯಾಪ್‌ಟಾಪ್, ಇಲ್ಲವೇ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಸದ್ದು ಬರಲಿಲ್ಲ ಅಂದ ಕೂಡಲೇ ಸೌಂಡ್ ಕಾರ್ಡ್ ಹೋಗಿದೆ ಅಂದುಕೊಳ್ಳುತ್ತಾರೆ, ಇಲ್ಲವೇ ಸುಮ್ನೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಎಷ್ಟೋ ಸಲ ಎರಡೂ ಬೇಕಿರುವುದಿಲ್ಲ.

ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ನಮ್ಮ ಮನೆ ನಲ್ಲಿಗೆ ಬರುತ್ತದೆ ಅಲ್ವಾ? ನಲ್ಲಿ ಒಣಗಿದ್ದರೆ ತೊಂದರೆ ದಾರಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು. ಸದ್ದಿಗೂ ಹೀಗೇ ಒಂದು ದಾರಿ ಇದೆ. ತಳದಲ್ಲಿ ಕಾರ್ಡ್. ಅದರ ಮೇಲೆ ಕರ್ನಲ್‌ನೊಳಗಿನ (ಲಿನಕ್ಸ್‌ನ ತಿರುಳಿನೊಳಗಿನ) ಆಲ್ಸಾ, ಅಂದರೆ ಕಾರ್ಡ್ ನಡೆಸುವ ಡ್ರೈವರ್‌ಗಳ ಪದರ. ಅದರ ಮೇಲೆ ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೋ, ಅಂದರೆ ಎಲ್ಲ ಪ್ರೋಗ್ರಾಂಗಳ ಸದ್ದನ್ನು ಬೆರೆಸಿ ಕೆಳಗೆ ಕಳಿಸುವ ಪದರ. ಎಲ್ಲಕ್ಕಿಂತ ಮೇಲೆ ಬ್ರೌಸರ್, ಪ್ಲೇಯರ್. 2003ರ ಕೊನೆಯಲ್ಲಿ ಬಂದ 2.6 ಕರ್ನಲ್‌ನಿಂದ ಆಲ್ಸಾ, ಓಎಸ್‌ಎಸ್ ಎಂಬ ಹಳೆಯ ಡ್ರೈವರ್ ಪದರದ ಜಾಗ ಹಿಡಿಯಿತು. ಓಎಸ್‌ಎಸ್ ಕಾಲದ ಸಲಹೆ ಕಂಡರೆ ಬಿಟ್ಟುಬಿಡಿ.

ಮೊದಲು ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ' ಕೊಡಿ. ಆಡಿಯೋ ಎಂಬ ಸಾಲು ಕಂಡರೆ ಕಾರ್ಡ್ ಇದೆ. ಯುಎಸ್‌ಬಿ ಕಾರ್ಡ್ ಆದರೆ 'ಎಲ್‌ಎಸ್‌ಯುಎಸ್‌ಬಿ'. ಆಮೇಲೆ 'ಎಪ್ಲೇ', ಒಂದು ಹೈಫನ್, ಚಿಕ್ಕ ಎಲ್ (aplay -l) ಕೊಡಿ. ಇಲ್ಲಿ ಕಾರ್ಡ್ ಕಾಣದಿದ್ದರೆ ತೊಂದರೆ ಡ್ರೈವರ್‌ನಲ್ಲೋ ಫರ್ಮ್‌ವೇರ್‌ನಲ್ಲೋ (ಹಾರ್ಡ್‌ವೇರ್ ಒಳಗೇ ಓಡುವ ಪ್ರೋಗ್ರಾಂನಲ್ಲೋ) ಇದೆ. ಇತ್ತೀಚಿನ ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಿಗೆ ಸೌಂಡ್ ಓಪನ್ ಫರ್ಮ್‌ವೇರ್ ಪ್ಯಾಕೇಜ್ ಬೇಕು. ಸೂಡೋ (sudo, ಅಡ್ಮಿನ್ ಅನುಮತಿ ಕೊಡುವ ಕಮಾಂಡ್) ಹಾಕಿ 'ಡಿಮೆಸ್ಜ್' (dmesg) ಕೊಟ್ಟರೆ ಕರ್ನಲ್‌ನ ಸಂದೇಶಗಳಲ್ಲಿ ಅದರ ಸುಳಿವು ಸಿಗುತ್ತದೆ.

ಕಾರ್ಡ್ ಕಂಡಿತು, ಆದರೂ ಮೌನವೇ? ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಟರ್ಮಿನಲ್‌ನಲ್ಲಿ 'ಆಲ್ಸಾಮಿಕ್ಸರ್' (alsamixer) ತೆರೆದು ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿ. ಎಚ್‌ಡಿಎಂಐ ಕೂಡ ಒಂದು ಕಾರ್ಡ್ ಆಗಿ ಕಾಣಬಹುದು. ಆಗ ಸದ್ದು ಸ್ಪೀಕರ್ ಇಲ್ಲದ ಮಾನಿಟರ್‌ಗೆ ಹೋಗಿ ಸೇರುತ್ತಿರಬಹುದು. ಸದ್ದಿನ ಮಟ್ಟ ತೋರಿಸುವ ಕಂಬದ ಕೆಳಗೆ ಎರಡು ಎಂ ಅಕ್ಷರ ಇದ್ದರೆ ಅದು ಮ್ಯೂಟ್ ಆಗಿದೆ ಎಂದರ್ಥ. ಎಂ ಕೀ ಒತ್ತಿದರೆ ತೆರೆಯುತ್ತದೆ. ಮಾಸ್ಟರ್ ಒಂದನ್ನೇ ನೋಡಬೇಡಿ. ಸ್ಪೀಕರ್, ಹೆಡ್‌ಫೋನ್, ಪಿಸಿಎಂ ಎಲ್ಲವನ್ನೂ ನೋಡಿ. ಆಟೋ ಮ್ಯೂಟ್ ಆನ್ ಇದ್ದರೆ, ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ತಾನಾಗೇ ನಿಲ್ಲುತ್ತದೆ. 'ಸ್ಪೀಕರ್ ಟೆಸ್ಟ್' (speaker-test) ಓಡಿಸಿ ಕೇಳಿ.

ಇಷ್ಟೂ ಸರಿ ಇದ್ದರೆ ಮಾತ್ರ ಪೈಪ್‌ವೈರ್ ಕಡೆ ನೋಡಿ. ಉಬುಂಟು 22.10ರಿಂದ ಡೆಸ್ಕ್‌ಟಾಪ್‌ನಲ್ಲಿ ಅದೇ ಡಿಫಾಲ್ಟ್. 'ಪಾವುಕಂಟ್ರೋಲ್' (pavucontrol) ತೆರೆದು ಯಾವ ಔಟ್‌ಪುಟ್‌ಗೆ ಸದ್ದು ಹೋಗುತ್ತಿದೆ ನೋಡಿ, ಬದಲಿಸಿ.

ಕಣ್ಣು ಕಾಣದ ಗೆಳೆಯರಿಗೆ ಓರ್ಕಾ ಪರದೆಯನ್ನು ಓದಿ ಹೇಳುತ್ತದೆ, ಈಸ್ಪೀಕ್ ದನಿಯಲ್ಲಿ ಕನ್ನಡವೂ ಕೇಳಿಸುತ್ತದೆ. ಸದ್ದಿಲ್ಲದಿದ್ದರೆ ಅವರಿಗೆ ಆ ಕಂಪ್ಯೂಟರ್ ಬಳಸುವುದೇ ತುಂಬ ಕಷ್ಟ. ಹಾಗಾಗಿ ಅವರು ಕೂರುವ ಮಷಿನ್ ಅನ್ನೇ ಮೊದಲು ಸರಿಮಾಡಿ. ಮಿಕ್ಸರ್ ಹೊಂದಿಸಿದ ಮೇಲೆ ಸೂಡೋ ಹಾಕಿ 'ಆಲ್ಸಾಸಿಟಿಎಲ್ ಸ್ಟೋರ್' (alsactl store) ಕೊಡಿ, ಒಮ್ಮೆ ರೀಬೂಟ್ ಮಾಡಿ ಸದ್ದು ಉಳಿದಿದೆಯಾ ಅಂತ ನೋಡಿ.