ಕಾರ್ಡ್ ಮೇಲೆ ಎರಡು ಹೆಸರು: ದುಡ್ಡು ಕಟ್ ಆದರೆ ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆ: ನನ್ನ ಕಾರ್ಡ್ ಮೇಲೆ ಬ್ಯಾಂಕಿನ ಹೆಸರೂ ಇದೆ, ವೀಸಾ ಅಂತಲೂ ಇದೆ. ಪೇಮೆಂಟ್ ಫೇಲ್ ಆಗಿ ದುಡ್ಡು ಮಾತ್ರ ಕಟ್ ಆದರೆ ಯಾರನ್ನು ಕೇಳಬೇಕು?

ಉತ್ತರ: ನಿಮ್ಮ ಬ್ಯಾಂಕನ್ನೇ ಕೇಳಿ. ಕಾರ್ಡ್ ಕೊಟ್ಟಿದ್ದು ಬ್ಯಾಂಕ್. ಖಾತೆ ಇರುವುದೂ ಅಲ್ಲೇ. ಕ್ರೆಡಿಟ್ ಕಾರ್ಡ್ ಆದರೆ ಸಾಲ ಕೊಡುವುದು, ಬಡ್ಡಿ ಹಾಕುವುದು ಕೂಡ ಬ್ಯಾಂಕೇ. ವೀಸಾ, ಮಾಸ್ಟರ್‌ಕಾರ್ಡ್ ಹತ್ತಿರ ನಿಮ್ಮ ದುಡ್ಡು ಇರುವುದೇ ಇಲ್ಲ.

ಹಾಗಾದರೆ ಅವು ಮಾಡುವುದೇನು? ಅಂಗಡಿಯವರಿಗೂ ಒಂದು ಬ್ಯಾಂಕ್ ಇರುತ್ತದಲ್ವಾ? ಅದಕ್ಕೂ ನಿಮ್ಮ ಬ್ಯಾಂಕಿಗೂ ನೇರ ಸಂಬಂಧ ಇರಬೇಕೆಂದಿಲ್ಲ. ಸಾವಿರಾರು ಬ್ಯಾಂಕುಗಳು ಒಂದೊಂದರ ಜೊತೆಗೂ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳುವುದು ಆಗದ ಮಾತು. ಅದಕ್ಕೇ ಎಲ್ಲವೂ ಒಂದು ನೆಟ್‌ವರ್ಕ್ ಸೇರಿ, ಅದರ ನಿಯಮಕ್ಕೆ ಒಪ್ಪಿಕೊಳ್ಳುತ್ತವೆ. ವೀಸಾ ಬೆಳೆದಿದ್ದೂ ಹೀಗೆಯೇ. ಬ್ಯಾಂಕ್ ಆಫ್ ಅಮೆರಿಕ 1958ರಲ್ಲಿ ಶುರುಮಾಡಿದ ಕಾರ್ಡನ್ನು ಆಮೇಲೆ ಬೇರೆ ಬ್ಯಾಂಕುಗಳೂ ಕೊಡತೊಡಗಿದವು. 1970ರಲ್ಲಿ ಅದು ಬ್ಯಾಂಕುಗಳು ಸೇರಿ ನಡೆಸುವ ಸಂಸ್ಥೆಯಾಯಿತು. ವೀಸಾ ಎಂಬ ಹೆಸರು ಬಂದಿದ್ದು 1976ರಲ್ಲಿ. (ಅಮೆರಿಕನ್ ಎಕ್ಸ್‌ಪ್ರೆಸ್ ಮಾತ್ರ ಬೇರೆ ಥರ. ಅದು ನೆಟ್‌ವರ್ಕೂ ಹೌದು, ತಾನೇ ಕಾರ್ಡೂ ಕೊಡುತ್ತದೆ.)

ಈಗ ಮುಖ್ಯ ವಿಷಯ. ನೀವು ಕಾರ್ಡ್ ಹಾಕಿದಾಗ ಅಂಗಡಿಯ ಮೆಷಿನ್ ತನ್ನ ಬ್ಯಾಂಕಿಗೆ ಸಂದೇಶ ಕಳಿಸುತ್ತದೆ. ಅಲ್ಲಿಂದ ಅದು ನೆಟ್‌ವರ್ಕಿಗೆ ಬರುತ್ತದೆ. ಕಾರ್ಡ್ ನಂಬರಿನ ಮೊದಲ ಆರೋ ಎಂಟೋ ಅಂಕಿ ನೋಡಿದರೆ ಅದು ಯಾವ ಬ್ಯಾಂಕಿನ ಕಾರ್ಡ್ ಅಂತ ನೆಟ್‌ವರ್ಕಿಗೆ ಗೊತ್ತಾಗುತ್ತದೆ. ನಿಮ್ಮ ಬ್ಯಾಂಕ್ ಹೂಂ ಅಥವಾ ಉಹೂಂ ಅನ್ನುತ್ತದೆ, ಆ ಉತ್ತರ ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ. ಇಷ್ಟೆಲ್ಲ ಕೆಲವೇ ಸೆಕೆಂಡುಗಳ ಕೆಲಸ.

ಆದರೆ ಆಗ ಅಂಗಡಿಗೆ ಇನ್ನೂ ದುಡ್ಡು ಹೋಗಿರುವುದಿಲ್ಲ! ನಿಮ್ಮ ಬ್ಯಾಂಕ್ ಅಷ್ಟು ಮೊತ್ತವನ್ನು ತಡೆದಿಡುತ್ತದೆ, ಅಷ್ಟೇ. ಅಂಗಡಿಯ ಕಡೆಯಿಂದ ಕೊನೆಯ ಲೆಕ್ಕ ಬಂದ ಮೇಲೆ ಯಾವ ಬ್ಯಾಂಕ್ ಎಷ್ಟು ಕೊಡಬೇಕು ಅಂತ ನೆಟ್‌ವರ್ಕ್ ಕೂಡಿ ಕಳೆದು ಹೇಳುತ್ತದೆ. ಬ್ಯಾಂಕುಗಳ ನಡುವೆ ದುಡ್ಡು ಓಡಾಡುವುದು ಆಮೇಲೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ. ಇದರಲ್ಲಿ ಸ್ವಲ್ಪ ಶುಲ್ಕ ಕಳೆದೇ ಅಂಗಡಿಯವರಿಗೆ ಸಿಗುತ್ತದೆ. ಆ ಶುಲ್ಕದಲ್ಲಿ ನಿಮ್ಮ ಬ್ಯಾಂಕಿಗೂ ಪಾಲಿದೆ.

ಫೇಲ್ ಆದ ಪೇಮೆಂಟಿನಲ್ಲಿ ಎಷ್ಟೋ ಸಲ ಆಗುವುದು ಇದು: ನಿಮ್ಮ ಬ್ಯಾಂಕ್ ಹೂಂ ಅಂದಿರುತ್ತದೆ, ಉತ್ತರ ಮೆಷಿನ್ ತಲುಪಿರುವುದಿಲ್ಲ. ದುಡ್ಡು ಬರೀ ತಡೆಯಲ್ಲಿರುತ್ತದೆ. ರದ್ದತಿ ಸಂದೇಶ ಬಂದರೆ ಬೇಗ ಬಿಡುಗಡೆಯಾಗುತ್ತದೆ, ಇಲ್ಲದಿದ್ದರೆ ಕೆಲವು ದಿನ ಹಿಡಿಯುತ್ತದೆ. ಹಾಗಂತ ಸುಮ್ನೆ ಕೂರಬೇಡಿ. ನಿಜವಾಗಿಯೂ ದುಡ್ಡು ಹೋಗಿದ್ದರೆ ನಿಮ್ಮ ಬ್ಯಾಂಕ್ ನೆಟ್‌ವರ್ಕ್ ಮೂಲಕ ಚಾರ್ಜ್‌ಬ್ಯಾಕ್ ಹಾಕಬಹುದು, ಅಂದರೆ ಅಂಗಡಿಯ ಬ್ಯಾಂಕಿನಿಂದ ದುಡ್ಡು ವಾಪಸ್ ಕೇಳಬಹುದು. ಆಗ ಅಂಗಡಿಯ ಕಡೆಯವರು ಪುರಾವೆ ಕೊಡಬೇಕು, ಇಲ್ಲವೇ ದುಡ್ಡು ವಾಪಸ್ ಮಾಡಬೇಕು. ಎರಡೂ ಬ್ಯಾಂಕುಗಳು ಪಟ್ಟು ಬಿಡದಿದ್ದರೆ ತೀರ್ಮಾನ ನೆಟ್‌ವರ್ಕಿನದು. ಇದಕ್ಕೆಲ್ಲ ಗಡುವು ಇರುವುದರಿಂದ ಸ್ಲಿಪ್, ಮೆಸೇಜ್ ಏನಿದೆಯೋ ಅದನ್ನು ಇಟ್ಟುಕೊಂಡು ಬ್ಯಾಂಕಿಗೆ ಬೇಗ ದೂರು ಕೊಡಿ.