ಮನೆಯಲ್ಲಿ 230, ಹಳ್ಳದ ಹತ್ತಿರ 200

ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ನರ್ಸರಿಗೋ ಮನೆಯ ಟ್ಯಾಂಕಿಗೋ ಹಳ್ಳದಿಂದ ನೀರೆತ್ತುವ ಸಿಂಗಲ್ ಫೇಸ್ ಮೋಟರ್ ಸುಟ್ಟರೆ, 'ವೋಲ್ಟೇಜ್ ಜಾಸ್ತಿ ಬಂದು ಹೋಯ್ತು' ಎನ್ನುವುದು ವಾಡಿಕೆ. ಎಷ್ಟೋ ಸಲ ಆಗಿರುವುದು ಅದರ ಉಲ್ಟಾ.

ಲೆಕ್ಕ ಹಾಕೋಣ. ಒಂದೂವರೆ ಎಚ್‌ಪಿ ಮೋಟರ್ ಸುಮಾರು 10 ಆಂಪಿಯರ್ ಎಳೆಯುತ್ತದೆ. ಮನೆಯಿಂದ ಹಳ್ಳಕ್ಕೆ 200 ಮೀಟರ್ ಇದ್ದರೆ ಫೇಸ್, ನ್ಯೂಟ್ರಲ್ ಸೇರಿ ಕರೆಂಟ್ ಹರಿಯುವ ದಾರಿ 400 ಮೀಟರ್. 2.5 ಎಂಎಂ ತಾಮ್ರದ ವೈರಿನ ರೆಸಿಸ್ಟೆನ್ಸ್ ಕಿಲೋಮೀಟರಿಗೆ 7.4 ಓಮ್, ಅಂದರೆ ಇಲ್ಲಿ ಹತ್ತಿರಹತ್ತಿರ 3 ಓಮ್. 10 ಆಂಪಿಯರ್ × 3 ಓಮ್ = 30 ವೋಲ್ಟ್ ವೈರಿನಲ್ಲೇ ಕಳೆಯಿತು. ಜೊತೆಗೆ 300 ವ್ಯಾಟ್ ಬರೀ ವೈರ್ ಬಿಸಿ ಮಾಡಲು ಹೋಗುತ್ತದೆ, ಅದಕ್ಕೂ ಮೀಟರ್ ಓಡುತ್ತದೆ. ಲೈನಿನಲ್ಲೇ 200 ಇರುವ ಸಂಜೆ ಮೋಟರಿಗೆ ಸಿಗುವುದು 170.

ಗೀಸರ್ ಆಗಿದ್ದರೆ ವೋಲ್ಟೇಜ್ ಇಳಿದಾಗ ಕರೆಂಟೂ ಇಳಿಯುತ್ತಿತ್ತು, ನೀರು ನಿಧಾನ ಕಾಯುತ್ತಿತ್ತು, ಅಷ್ಟೆ. ಮೋಟರ್ ಹಾಗಲ್ಲ. ಮೇಲೆತ್ತಬೇಕಾದ ನೀರಿನ ಭಾರ ಇದ್ದಷ್ಟೇ ಇರುವುದರಿಂದ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಶೇ. 20 ಏರಿದರೆ ವೈಂಡಿಂಗಿನ (ಮೋಟರ್ ಒಳಗಿನ ತಂತಿ ಸುರುಳಿಯ) ಬಿಸಿ ಶೇ. 44 ಏರುತ್ತದೆ. ಸ್ಟಾರ್ಟ್ ಮಾಡುವಾಗಂತೂ ನಾಲ್ಕೈದು ಪಟ್ಟು ಎಳೆಯಲು ನೋಡುತ್ತದೆ. ಇದೇ ವೈರಿನಲ್ಲಿ ಆಗ 100 ವೋಲ್ಟಿನಷ್ಟು ಹೋಗಿಬಿಡುತ್ತದೆ. ತಿರುಗಿಸುವ ಬಲ ಅರ್ಧಕ್ಕಿಂತ ಕೆಳಗಿಳಿದು ಮೋಟರ್ ತಿರುಗದೆ ಗುಂಯ್ ಎಂದು ನಿಂತಲ್ಲೇ ಬಿಸಿಯಾಗುತ್ತದೆ. ಕೆಪಾಸಿಟರ್ ಹೋದರೂ ಇದೇ ಸದ್ದು, ಹಾಗಾಗಿ ಅದನ್ನೂ ನೋಡಿ.

ಅಳೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಮೋಟರ್ ಆಫ್ ಇದ್ದಾಗ ಹಳ್ಳದ ಬಳಿಯೂ 230 ತೋರಿಸುತ್ತದೆ, ಏಕೆಂದರೆ ಕರೆಂಟ್ ಹರಿಯದೆ ವೋಲ್ಟೇಜ್ ಇಳಿಯುವುದಿಲ್ಲ. ಟೆಸ್ಟರ್ ನಂಬಬೇಡಿ, ಅದು 100 ವೋಲ್ಟಿಗೂ ಉರಿಯುತ್ತದೆ. ಮೋಟರ್ ಓಡುತ್ತಿರುವಾಗಲೇ ಮನೆಯ ಬೋರ್ಡಿನಲ್ಲೊಮ್ಮೆ, ಹಳ್ಳದ ಬಳಿಯ ಸ್ಟಾರ್ಟರಿನಲ್ಲೊಮ್ಮೆ ವೋಲ್ಟೇಜ್ ಅಳೆಯಬೇಕು. ಓಡುವ ಸ್ಟಾರ್ಟರಿನ ಮುಚ್ಚಳ ತೆಗೆಯುವುದು ಎಲೆಕ್ಟ್ರಿಷಿಯನ್ ಕೆಲಸ. ಕರೆಂಟ್ ಅಳೆಯುವಾಗ ಕ್ಲ್ಯಾಂಪ್ ಮೀಟರಿನ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರಿನ) ಒಳಗೆ ಒಂದೇ ವೈರ್ ಇರಲಿ. ಎರಡನ್ನೂ ಸೇರಿಸಿದರೆ ಸೊನ್ನೆ ಬರುತ್ತದೆ.

ವೋಲ್ಟೇಜಿನ ವ್ಯತ್ಯಾಸವನ್ನು ಕರೆಂಟಿನಿಂದ ಭಾಗಿಸಿ. ಲೆಕ್ಕದ 3 ಓಮ್ ಬದಲು 4 ಬಂದರೆ ವೈರಿನದಲ್ಲ, ಜಾಯಿಂಟಿನ ತಪ್ಪು. ಮಲೆನಾಡಿನ ಮಳೆಗೆ ತಾಮ್ರ-ಅಲ್ಯೂಮಿನಿಯಂ ನೇರ ಸುತ್ತಿದ ಜಾಯಿಂಟ್ ಬೇಗ ತುಕ್ಕು ಹಿಡಿಯುತ್ತದೆ. ಅರ್ಧ ಓಮ್ ಸೇರಿದರೂ ಒಂದೇ ಜಾಗದಲ್ಲಿ 50 ವ್ಯಾಟ್, ದೊಡ್ಡ ಸೋಲ್ಡರಿಂಗ್ ಕಬ್ಬಿಣದಷ್ಟು ಬಿಸಿ. ಮೇನ್ ಆಫ್ ಮಾಡಿಸಿ, ತಾಮ್ರ-ಅಲ್ಯೂಮಿನಿಯಂ ಜೋಡಿಸಲೆಂದೇ ಇರುವ ಬೈಮೆಟಲ್ ಲಗ್ ಹಾಕಿಸಿ.

ಜಾಯಿಂಟ್ ಸರಿಯಿದ್ದೂ ವೋಲ್ಟೇಜ್ ಸಾಲದಿದ್ದರೆ ವೈರನ್ನೇ ಬದಲಿಸಬೇಕು. 6 ಎಂಎಂ ತಾಮ್ರಕ್ಕೆ ಹೋದರೆ 30 ವೋಲ್ಟಿನ ನಷ್ಟ 12ಕ್ಕೆ ಇಳಿಯುತ್ತದೆ. 10 ಎಂಎಂ ಅಲ್ಯೂಮಿನಿಯಂ ಕೇಬಲ್ಲಿನ ರೆಸಿಸ್ಟೆನ್ಸೂ ಅಷ್ಟೇ, ದುಡ್ಡು ಮಾತ್ರ ಕಡಿಮೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ರಿಲೇಯ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸಾಧನದ) ಡಯಲ್ ಮೇಲಕ್ಕೆ ತಿರುಗಿಸುವವರಿದ್ದಾರೆ. ಅದು ಮೋಟರಿನ ನೇಮ್ ಪ್ಲೇಟಿನ ಆಂಪಿಯರಿಗಿಂತ ಮೇಲೆ ಇರಲೇಬಾರದು.