ಕೆನಡಾದ ಇಂಡಿಯನ್ ಸ್ಟೇಟಸ್: 6(1), 6(2) ಲೆಕ್ಕ

ಕೆನಡಾದ ಮೂಲನಿವಾಸಿಗಳ ವಿಷಯದಲ್ಲಿ ಒಪ್ಪಂದಗಳು, ರೆಸಿಡೆನ್ಶಿಯಲ್ ಸ್ಕೂಲು (ಅವರ ಮಕ್ಕಳನ್ನ ಮನೆಯಿಂದ ದೂರ ಇಟ್ಟ ವಸತಿ ಶಾಲೆ) ಇವೆಲ್ಲಾ ಓದ್ತಾ ಓದ್ತಾ ತಲೆಗೆ ಹತ್ತುತ್ತೆ, ಕಗ್ಗಂಟಾಗೋದು ಸ್ಟೇಟಸ್, ಅಂದ್ರೆ ಕಾನೂನಿನ ಪ್ರಕಾರ 'ಇಂಡಿಯನ್' ಅನ್ನೋ ನೋಂದಣಿ. ಇಲ್ಲಿ 'ಇಂಡಿಯನ್' ಅಂದ್ರೆ ಭಾರತದವರಲ್ಲ, ಅಲ್ಲಿನ ಮೂಲನಿವಾಸಿಗಳು. ಹಾಗಾಗಿ ಇಲ್ಲಿ ಅದೊಂದೇ.

ಹಿನ್ನೆಲೆ ಬೇಗ ಹೇಳ್ಬಿಡ್ತೀನಿ. 1876ರ ಇಂಡಿಯನ್ ಆ್ಯಕ್ಟ್ ತಿದ್ದುಪಡಿ ಆಗ್ತಾ ಇವತ್ತಿಗೂ ಇದೆ, ಫಸ್ಟ್ ನೇಷನ್ಸ್ ಜನರಲ್ಲಿ ಕಾನೂನಿನ ಪ್ರಕಾರ 'ಇಂಡಿಯನ್' ಯಾರು ಅಂತ ಸರ್ಕಾರಾನೇ ರಿಜಿಸ್ಟರ್ ಇಟ್ಕೊಂಡು ಹೇಳುತ್ತೆ. ಇನ್ನೆರಡು ಮೂಲನಿವಾಸಿ ಸಮುದಾಯಗಳಾದ ಇನುಯಿಟ್, ಮೇಟಿ ಜನ ಈ ರಿಜಿಸ್ಟರಲ್ಲಿ ಬರಲ್ಲ, ಆದ್ರೆ 1982ರ ಸಂವಿಧಾನದ 35ನೇ ಸೆಕ್ಷನ್ನಲ್ಲಿ ಮೂರೂ ಸಮುದಾಯ ಇದೆ, ಎರಡನ್ನೂ ಬೆರೆಸ್ಬೇಡಿ.

1985ರ ತನಕ ಸ್ಟೇಟಸ್ ಇರೋ ಹೆಂಗಸು ಸ್ಟೇಟಸ್ ಇಲ್ಲದವನನ್ನ ಮದುವೆಯಾದ್ರೆ ಅವಳ ಸ್ಟೇಟಸ್ ಹೋಗ್ತಿತ್ತು, ಗಂಡಸು ಹೊರಗಿನವಳನ್ನ ಮದುವೆಯಾದ್ರೆ ಆ ಹೆಂಡತಿಗೂ ಸ್ಟೇಟಸ್ ಸಿಗ್ತಿತ್ತು! ಜೀನೆಟ್ ಕೋರ್ಬಿಯೇರ್ ಲಾವೆಲ್ ಕೋರ್ಟಿಗೆ ಹೋದ್ರು, 1973ರಲ್ಲಿ ಸುಪ್ರೀಂ ಕೋರ್ಟಲ್ಲಿ 5-4ರಲ್ಲಿ ಸೋತ್ರು. ಟೋಬಿಕ್ ಅನ್ನೋ ಫಸ್ಟ್ ನೇಷನ್‌ನ ಸ್ಯಾಂಡ್ರಾ ಲವ್ಲೇಸ್ ವಿಶ್ವಸಂಸ್ಥೆವರೆಗೂ ಹೋದ್ರು, 1981ರಲ್ಲಿ ಅಲ್ಲಿನ ಮಾನವ ಹಕ್ಕುಗಳ ಸಮಿತಿ ಕೆನಡಾ ಮಾಡಿದ್ದು ತಪ್ಪು ಅಂತು. ಕೊನೆಗೆ 1985ರಲ್ಲಿ ಬಿಲ್ ಸಿ-31 ಬಂದು ಕಳ್ಕೊಂಡ ಹೆಂಗಸರಿಗೆ ಸ್ಟೇಟಸ್ ವಾಪಸ್ ಸಿಕ್ತು.

ಈಗ ಮುಖ್ಯ ವಿಷಯ. ಅದೇ ಬಿಲ್ ಸ್ಟೇಟಸ್ಸನ್ನ ಆ್ಯಕ್ಟಿನ 6ನೇ ಸೆಕ್ಷನ್ನಲ್ಲಿ 6(1), 6(2) ಅಂತ ಎರಡು ಬಗೆ ಮಾಡ್ತು. 6(2) ಅಂದ್ರೆ ಅರ್ಧ ಸ್ಟೇಟಸ್ ಅಲ್ಲ, ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಇಬ್ಬರಿಗೂ ಅದೇ ಕಾರ್ಡು, ಹಲ್ಲು-ಕನ್ನಡಕ-ಔಷಧಿಗೆ ಅದೇ ಸೌಲಭ್ಯ. ವ್ಯತ್ಯಾಸ ಗೊತ್ತಾಗೋದು ಮಗು ಹುಟ್ಟಿದ ಮೇಲೇನೇ.

ನಾನು ಹೀಗೆ ಲೆಕ್ಕ ಹಾಕ್ತೀನಿ: ಮೊದಲು ತಲೆ ಎಣಿಸಿ, ಆಮೇಲೆ ನಂಬರ್ ನೋಡಿ. ಅಪ್ಪ ಅಮ್ಮ ಇಬ್ಬರಿಗೂ ಸ್ಟೇಟಸ್ ಇದ್ರೆ, ಯಾವ ನಂಬರ್ರೇ ಆಗಲಿ, ಮಗು 6(1). ಒಬ್ಬರಿಗೆ ಮಾತ್ರ ಇದ್ರೆ ಆಗ ನಂಬರ್ ನೋಡಿ: ಅವರು 6(1) ಆದ್ರೆ ಮಗು 6(2), ಅವರು 6(2) ಆದ್ರೆ ಮಗುಗೆ ಏನೂ ಇಲ್ಲ. ಅಂದ್ರೆ ಸತತ ಎರಡು ತಲೆಮಾರು ಸ್ಟೇಟಸ್ ಇಲ್ಲದವರ ಜೊತೆ ಮಕ್ಕಳಾದ್ರೆ ಸ್ಟೇಟಸ್ ಅಲ್ಲಿಗೇ ಮುಗೀತು. ಇದು ರಕ್ತದ ಭಾಗಾಕಾರಾನೂ ಅಲ್ಲ, ಯಾಕಂದ್ರೆ ಇಬ್ಬರು 6(2)ಗಳ ಮಗು ಮತ್ತೆ 6(1) ಆಗುತ್ತೆ.

ಉದಾಹರಣೆಗೆ ಅಣ್ಣ ತಂಗಿ, ಇಬ್ಬರೂ 1970ರಲ್ಲಿ ಹೊರಗೆ, ಅಂದ್ರೆ ಸ್ಟೇಟಸ್ ಇಲ್ಲದವರನ್ನ, ಮದುವೆಯಾದ್ರು ಅಂತಿಟ್ಕೊಳ್ಳಿ. ಅಣ್ಣನ ಹೆಂಡತಿಗೆ ಮದುವೆಯಿಂದಲೇ ಸ್ಟೇಟಸ್ ಬಂತು, ತಲೆ ಎರಡು, ಮಕ್ಕಳು 6(1). ತಂಗಿಗೆ 1985ರಲ್ಲಿ 6(1) ವಾಪಸ್ ಸಿಕ್ತು ಆದ್ರೆ ಗಂಡನಿಗಿಲ್ಲ, ತಲೆ ಒಂದೇ, ಮಕ್ಕಳು ಆಗ 6(2). ಎರಡೂ ಕಡೆ ಮಕ್ಕಳು ಹೊರಗೆ ಮದುವೆಯಾದ್ರೆ ಆಗಿನ ಕಾನೂನಲ್ಲಿ ಅಣ್ಣನ ಮೊಮ್ಮಕ್ಕಳಿಗೆ ಸ್ಟೇಟಸ್ ಇತ್ತು, ತಂಗಿಯ ಮೊಮ್ಮಕ್ಕಳಿಗಿರಲಿಲ್ಲ. ಒಂದೇ ಮನೆ, ಒಂದೇ ಅಜ್ಜ ಅಜ್ಜಿ! ಶ್ಯಾರನ್ ಮೆಕ್ಐವರ್ ಹೋರಾಡಿದ್ದು ಇದರ ವಿರುದ್ಧಾನೇ, 2009ರಲ್ಲಿ ಬ್ರಿಟಿಷ್ ಕೊಲಂಬಿಯಾದ ಅಪೀಲು ಕೋರ್ಟು ತಾರತಮ್ಯ ಅಂತ ಒಪ್ಕೊಳ್ತು. ಆಮೇಲೆ ಬಿಲ್ ಸಿ-3, 2017ರಲ್ಲಿ ಎಸ್-3 ಬಂದು ಅಣ್ಣ-ತಂಗಿ ಅಂತರ ತುಂಬ ಮಟ್ಟಿಗೆ ಸರಿಮಾಡಿದ್ವು, ಆದ್ರೆ ಎರಡು ತಲೆಮಾರಿನ ಕತ್ತರಿ ಎಸ್-3 ಮುಟ್ಟಲೇ ಇಲ್ಲ.

ಇನ್ನೊಂದು, ಬರ್ತ್ ಸರ್ಟಿಫಿಕೇಟಲ್ಲಿ ಅಪ್ಪನ ಹೆಸರಿಲ್ಲ ಅಂದ್ರೆ ಸರ್ಕಾರ ಅವನಿಗೆ ಸ್ಟೇಟಸ್ ಇಲ್ಲ ಅಂತಲೇ ಹಿಡೀತಿತ್ತು, ತಲೆ ಎಣಿಕೆ ಅಲ್ಲೇ ಒಂದಕ್ಕೆ ಇಳೀತಿತ್ತು. ಲಿನ್ ಗೇಲ್ ಇದನ್ನ ಪ್ರಶ್ನಿಸಿ 2017ರಲ್ಲಿ ಒಂಟಾರಿಯೊ ಅಪೀಲು ಕೋರ್ಟಲ್ಲಿ ಗೆದ್ರು, ಅವರಿಗೆ ಸಿಕ್ಕಿದ್ದು 6(2).